ಕ್ಯಾಸನೂರಿನ ಕಾಡಂಚಿನಲ್ಲಿ

ಕರಾವಳಿಯವರಾದ ನಮಗೆ ಮಲೆನಾಡು ಎಂದರೆ ಜೋಗದ ಜಲಪಾತ, ಅಡಿಕೆ ತೋಟ, ಬೆಳಗಿನ ಮಂಜು ಮತ್ತು ಬಿಸಿ ಬಿಸಿ ಕಡುಬು. ಮಕ್ಕಳಿಗೆ ರಜೆ ಸಿಕ್ಕಿದರೆ ಘಟ್ಟ ಹತ್ತಿ ಎರಡು ದಿನ ಇದ್ದು ಬರುವುದು ಈಗ ಎಲ್ಲ ಕುಟುಂಬಗಳ ರೂಢಿ. ಆದರೆ ಅದೇ ಮಲೆನಾಡಿನ ಒಂದು ಪುಟ್ಟ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲೆಲ್ಲ ಸೇರಿಕೊಂಡಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆ ಕಾಡಿನ ಹೆಸರು ಕ್ಯಾಸನೂರು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿದೆ. ವೈದ್ಯರು 'ಕ್ಯಾಸನೂರು ಅರಣ್ಯ ಕಾಯಿಲೆ' ಎಂದು ಕರೆಯುವ ಆ ರೋಗವನ್ನು ಊರಿನವರು ಮಂಗನ ಕಾಯಿಲೆ ಎನ್ನುತ್ತಾರೆ.

ನನ್ನ ಅಕ್ಕನ ಮಗಳನ್ನು ಸೊರಬದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದೇವೆ. ಅವಳ ಗಂಡನ ಮನೆಯವರದ್ದು ಸಣ್ಣ ಅಡಿಕೆ ತೋಟ, ನಾಲ್ಕು ಹಸುಗಳ ಕೊಟ್ಟಿಗೆ. ಮನೆಯ ಹಿಂದೆಯೇ ಕಾಡು ಶುರುವಾಗುತ್ತದೆ. ಜನವರಿಯ ಒಂದು ವಾರ ಅಲ್ಲಿದ್ದು ಬರುವ ಅವಕಾಶ ಸಿಕ್ಕಿತು. ಕುಂದಾಪುರದಿಂದ ಕೊಲ್ಲೂರು ಘಾಟಿ ಹತ್ತಿ, ಹೊಸನಗರ, ಸಾಗರ ದಾಟಿ ಸೊರಬ ಸೇರುವಾಗ ಸಂಜೆಯಾಗಿತ್ತು. ದಾರಿಯುದ್ದಕ್ಕೂ ಅಂಗಳಗಳಲ್ಲಿ ಅಡಿಕೆ ಒಣಗುತ್ತಿತ್ತು.

ಸೊರಬ ದೊಡ್ಡ ಊರಲ್ಲ. ಪಕ್ಕದಲ್ಲಿ ದಂಡಾವತಿ ನದಿ ಹರಿಯುತ್ತದೆ. ಸಾಗರದಂತೆಯೇ ಇಲ್ಲಿಯೂ ಗುಡಿಗಾರರ ಶ್ರೀಗಂಧದ ಕೆತ್ತನೆ ಪ್ರಸಿದ್ಧ. ಹತ್ತಿರದಲ್ಲಿ ಗುಡವಿ ಪಕ್ಷಿಧಾಮವಿದೆ, ಚಂದ್ರಗುತ್ತಿಯ ಹಳೆಯ ಕೋಟೆಯಿದೆ. ಇಲ್ಲಿನ ಕಾಡಿಗೂ ಒಂದು ವಿಶೇಷವಿದೆ. ಎಲೆ ಉದುರಿಸುವ ಸಾಮಾನ್ಯ ಕಾಡಿನ ನಡುವೆ ಅಲ್ಲಲ್ಲಿ ಸದಾ ಹಸಿರಾಗಿರುವ ದಟ್ಟ ಮರಗಳ ತುಂಡುಗಳಿವೆ. ಅವನ್ನು ಊರಿನವರು 'ಕಾನು' ಎನ್ನುತ್ತಾರೆ. ಕಾನಿನ ಬದಿಯಲ್ಲಿ ಗದ್ದೆ, ಗದ್ದೆಯ ಬದಿಯಲ್ಲಿ ತೋಟ, ತೋಟದ ಬದಿಯಲ್ಲಿ ಮನೆ. ಕಾಡು ಎಲ್ಲಿ ಮುಗಿಯಿತು, ಊರು ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ನೋಡಲು ಸುಂದರವಾದ ಈ ಬೆರಕೆಯಲ್ಲಿಯೇ ಕಾಯಿಲೆಯ ಬೇರೂ ಇದೆ.

1957ರ ಆ ಬೇಸಗೆ

1957ರ ಆರಂಭದ ತಿಂಗಳುಗಳಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಒಂದೊಂದಾಗಿ ಸತ್ತು ಬೀಳತೊಡಗಿದವು. ಅದರ ಜೊತೆಯಲ್ಲೇ ಕಾಡಂಚಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ ಬಂತು. ಕೆಲವರಿಗೆ ಮೂಗು, ಬಾಯಿಯಿಂದ ರಕ್ತ ಬಂತು. ಕೆಲವರು ತೀರಿಕೊಂಡರು.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಆರಂಭವಾಗಿದ್ದ ಸಂಸ್ಥೆಯದು. ಇಂದು ಅದು ರಾಷ್ಟ್ರೀಯ ವೈರಾಣು ಸಂಸ್ಥೆ. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಭಾರತೀಯ ಸಹೋದ್ಯೋಗಿಗಳೊಂದಿಗೆ ಈ ಕಾಯಿಲೆಯ ಬೆನ್ನು ಹತ್ತಿದರು. ಮೊದಲು ಅವರಿಗೆ ಹಳದಿ ಜ್ವರದ ಭಯವಿತ್ತು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಆ ರೋಗವೂ ಮನುಷ್ಯರನ್ನು ಕಾಡುತ್ತದೆ, ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಕೊಲ್ಲುತ್ತದೆ. ಅದನ್ನು ಹರಡುವ ಜಾತಿಯ ಸೊಳ್ಳೆ ಭಾರತದಲ್ಲಿ ಎಲ್ಲೆಡೆ ಇದೆ. ರೋಗವೊಂದು ಬಂದು ಸೇರಿಕೊಂಡರೆ ಗತಿಯೇನು ಎಂಬ ಆತಂಕ ಸಹಜವಾಗಿತ್ತು.

ಆದರೆ ಪರೀಕ್ಷೆಯಲ್ಲಿ ಕಂಡದ್ದು ಬೇರೆ. ಇದು ಅದುವರೆಗೆ ಯಾರೂ ಗುರುತಿಸದ ಹೊಸ ವೈರಾಣು. ರಷ್ಯಾದ ಕಾಡುಗಳಲ್ಲಿ ವಸಂತ ಮತ್ತು ಬೇಸಗೆಯಲ್ಲಿ ಬರುವ ಮೆದುಳು ಜ್ವರದ ವೈರಾಣುವಿನ ಸಂಬಂಧಿ. ಹರಡುವುದು ಸೊಳ್ಳೆಯಿಂದಲ್ಲ, ಉಣ್ಣೆಯಿಂದ. ದನ, ನಾಯಿಗಳ ಕಿವಿಯಲ್ಲಿ ಅಂಟಿಕೊಂಡು ರಕ್ತ ಹೀರುವ ಅದೇ ಉಣ್ಣೆ. ಮಲೆನಾಡಿನವರು ಇದನ್ನು ಉಣುಗು ಎಂದೂ ಕರೆಯುತ್ತಾರೆ. ಕಾಯಿಲೆಗೆ ಕಾಡಿನ ಹೆಸರೇ ಉಳಿಯಿತು.

ಊರಿನವರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ಹೆಸರು ಕೇಳಿದರೆ ಎಲ್ಲ ತಪ್ಪೂ ಮಂಗನದ್ದೇ ಎನಿಸುತ್ತದೆ. ನಿಜ ಹಾಗಿಲ್ಲ. ಮಂಗ ಈ ಕಾಯಿಲೆಯನ್ನು ಮನುಷ್ಯನಿಗೆ ಕೈಯಾರೆ ಕೊಡುವುದಿಲ್ಲ. ಅದೂ ನಮ್ಮ ಹಾಗೆ ಉಣ್ಣೆ ಕಚ್ಚಿಸಿಕೊಂಡು, ನಮಗಿಂತ ಹೆಚ್ಚು ಸಂಖ್ಯೆಯಲ್ಲಿ ಸಾಯುತ್ತದೆ. ಕೆಂಪು ಮುಖದ ಕೋತಿ, ಕಪ್ಪು ಮುಖದ ಮುಸುವ ಎರಡಕ್ಕೂ ಇದು ಮಾರಕ. ಕೆಲವು ವರ್ಷಗಳಿಂದ ಸುದ್ದಿಯಲ್ಲಿರುವ ಮಂಕಿಪಾಕ್ಸ್ ಎಂಬ ರೋಗಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರಿನಲ್ಲಿ ಮಂಗ ಇದೆ ಎಂದು ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ.

ತರಗೆಲೆಯ ಕೆಳಗಿನ ಲೋಕ

ಉಣ್ಣೆಗಳಲ್ಲಿ ಹಲವು ಜಾತಿಗಳಿವೆ. ಈ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನಲ್ಲಿರುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಅದರ ಬದುಕನ್ನು ಸ್ವಲ್ಪ ತಿಳಿದುಕೊಂಡರೆ ಯಾವಾಗ, ಎಲ್ಲಿ ಎಚ್ಚರ ಬೇಕು ಎಂಬುದು ತಾನಾಗಿ ಅರ್ಥವಾಗುತ್ತದೆ.

ಮಳೆಗಾಲದಲ್ಲಿ ಬಲಿತ ಉಣ್ಣೆಗಳು ದನ, ಎಮ್ಮೆ ಮೊದಲಾದ ದೊಡ್ಡ ಪ್ರಾಣಿಗಳ ಮೈಮೇಲೆ ಸೇರಿ ರಕ್ತ ಕುಡಿಯುತ್ತವೆ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ನೆಲಕ್ಕೆ ಬಿದ್ದು ತರಗೆಲೆಯ ಕೆಳಗೆ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಆರು ಕಾಲಿನ ಸಣ್ಣ ಮರಿಗಳು ಹೊರಬರುತ್ತವೆ. ಅವು ಇಲಿ, ಮೂಗಿಲಿ, ಹಕ್ಕಿ, ಮಂಗಗಳ ರಕ್ತ ಕುಡಿದು ಬೆಳೆದು ಎಂಟು ಕಾಲಿನ ಎಳೆ ಉಣ್ಣೆಗಳಾಗುತ್ತವೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಎಳೆ ಉಣ್ಣೆ. ಸಾಸಿವೆ ಕಾಳಿಗಿಂತ ಚಿಕ್ಕದು. ಕಚ್ಚಿದ್ದು ಗೊತ್ತೇ ಆಗದಿರಬಹುದು. ನವೆಂಬರ್, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ. ಜನವರಿಯಿಂದ ಏಪ್ರಿಲ್‌ವರೆಗೆ ಕಾಟ ಹೆಚ್ಚು. ಮಳೆ ಹಿಡಿಯಿತು ಎಂದರೆ ಕಾಯಿಲೆಯೂ ಇಳಿಯುತ್ತದೆ.

ಸೋಂಕಿರುವ ಮಂಗ ಸತ್ತಾಗ ಅದರ ದೇಹ ತಣ್ಣಗಾಗುತ್ತದೆ. ಆಗ ಅದರ ಮೈಮೇಲಿದ್ದ ಉಣ್ಣೆಗಳೆಲ್ಲ ಕೆಳಗಿಳಿದು ಅದೇ ಜಾಗದ ಎಲೆಗಳ ನಡುವೆ ಸೇರಿಕೊಳ್ಳುತ್ತವೆ. ವೈರಾಣು ತುಂಬಿಕೊಂಡ ಉಣ್ಣೆಗಳ ಗೂಡೇ ಅಲ್ಲಿ ತಯಾರಾಗುತ್ತದೆ. ಸತ್ತ ಮಂಗ ಕಂಡರೆ ಆ ಕಡೆ ಸುಳಿಯಬಾರದು ಎನ್ನುವುದು ಇದೇ ಕಾರಣಕ್ಕೆ. ದನಗಳಿಗೆ ಈ ವೈರಾಣುವಿನಿಂದ ಕಾಯಿಲೆ ಬರುವುದಿಲ್ಲ. ಆದರೆ ಉಣ್ಣೆಗಳ ಸಂತತಿಯನ್ನು ಹೆಚ್ಚಿಸುವುದು, ಅವನ್ನು ಕಾಡಿನಿಂದ ಮನೆಯ ಬಳಿಗೆ ಹೊತ್ತು ತರುವುದು ಅವೇ.

ದರಗು ಗುಡಿಸುವ ಹೆಂಗಸರು

ಇಷ್ಟು ಅಪಾಯವಿದ್ದರೆ ಆ ತಿಂಗಳುಗಳಲ್ಲಿ ಕಾಡಿಗೆ ಹೋಗದೆ ಇರಬಾರದೇ ಎಂದು ದೂರದಲ್ಲಿರುವ ನಮಗೆ ಅನಿಸುತ್ತದೆ. ಅಲ್ಲಿ ಒಂದು ವಾರ ಇದ್ದರೆ ಆ ಪ್ರಶ್ನೆ ಬರುವುದಿಲ್ಲ.

ಒಣಗಿ ಉದುರಿದ ಎಲೆಯನ್ನು ಅಲ್ಲಿ ದರಗು ಎನ್ನುತ್ತಾರೆ. ಅದನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸುತ್ತಾರೆ. ಸೆಗಣಿ, ಗಂಜಲದೊಂದಿಗೆ ಸೇರಿ ಅದೇ ಗೊಬ್ಬರವಾಗುತ್ತದೆ. ಆ ಗೊಬ್ಬರವೇ ತೋಟಕ್ಕೆ ಆಧಾರ. ಎಲೆ ಉದುರುವುದು, ಒಣಗುವುದು ಜನವರಿಯಿಂದ ಮಾರ್ಚ್‌ವರೆಗೆ. ಮಳೆಗಾಲಕ್ಕೆ ಬೇಕಾದ ಸೌದೆ ಕೂಡಿಡುವುದೂ ಇದೇ ಕಾಲದಲ್ಲಿ. ಸೀಗೆಕಾಯಿ, ಜೇನು ಸಿಗುವುದೂ ಈಗಲೇ. ಉಣ್ಣೆಯ ಕಾಲ ಮತ್ತು ಕಾಡಿನ ಕೆಲಸದ ಕಾಲ ಎರಡೂ ಒಂದೇ ಆಗಿಬಿಟ್ಟಿದೆ.

ದರಗು ಗುಡಿಸುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಬೆಳಗ್ಗೆ ಏಳು ಗಂಟೆಗೆ ಬುಟ್ಟಿ, ಹಗ್ಗ, ಕಸಬರಿಗೆ ಹಿಡಿದು ನಾಲ್ಕೈದು ಮಂದಿ ಮನೆಯ ಮುಂದೆ ಹಾದು ಹೋಗುತ್ತಿದ್ದರು. ಬಗ್ಗಿ ಗುಡಿಸಬೇಕು, ಎರಡೂ ಕೈಯಲ್ಲಿ ಬಾಚಿ ಬುಟ್ಟಿಗೆ ತುಂಬಬೇಕು, ಕಾಲಿನಿಂದ ಒತ್ತಬೇಕು, ತಲೆಯ ಮೇಲೆ ಹೊತ್ತು ತರಬೇಕು. ಉಣ್ಣೆ ಮೈಗೇರಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಅವರಲ್ಲಿ ವಯಸ್ಸಾದ ಒಬ್ಬರನ್ನು ಮಾತನಾಡಿಸಿದಾಗ ಅವರು ಹೇಳಿದ್ದು ಇಷ್ಟು: "ದರಗು ಇಲ್ದೆ ಕೊಟ್ಟಿಗೆ ನಡೆಯಲ್ಲ, ಗೊಬ್ಬರ ಇಲ್ದೆ ತೋಟ ನಡೆಯಲ್ಲ, ಕೂಲಿ ಇಲ್ದೆ ನಮ್ಮನೆ ನಡೆಯಲ್ಲ. ಕಾಡಿಗೆ ಹೋಗ್ಬೇಡಿ ಅಂತ ಹೇಳೋದು ಸುಲಭ ಅಮ್ಮಾ."

ಅವರ ಮಾತು ಸರಿ. ಕಾಡಿಗೆ ಹೋಗಬೇಡಿ ಎನ್ನುವ ಸಲಹೆ ಹೊಟ್ಟೆ ತುಂಬಿದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೋಗಲೇಬೇಕಾದವರು ಹೇಗೆ ಹೋಗಿ ಹೇಗೆ ಮರಳಬೇಕು ಎಂಬುದೇ ನಿಜವಾದ ಪ್ರಶ್ನೆ.

ಹೋಗುವಾಗ, ಬಂದ ಮೇಲೆ

ಅಕ್ಕನ ಮಗಳು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮೊದಲ ದಿನವೇ ತೋಟದ ಕಡೆ ಹೊರಟ ನನ್ನನ್ನು ಬಾಗಿಲಲ್ಲೇ ತಡೆದಳು. "ಚಿಕ್ಕಮ್ಮ, ಬರಿಗಾಲಲ್ಲಿ ಇಳಿಯಬೇಡಿ. ಮೊದಲು ಎಣ್ಣೆ ಹಚ್ಚಿಕೊಳ್ಳಿ" ಎಂದು ಸಣ್ಣ ಬಾಟಲಿಯೊಂದನ್ನು ಕೈಗಿತ್ತಳು.

ಅದು ಡೇಪಾ ಎಂಬ ತೈಲ. ರಕ್ಷಣಾ ಇಲಾಖೆಯ ಡಿಆರ್‌ಡಿಓದ ಗ್ವಾಲಿಯರ್ ಪ್ರಯೋಗಾಲಯದಲ್ಲಿ ಕೀಟಗಳನ್ನು ದೂರವಿಡಲು ಸಿದ್ಧಪಡಿಸಿದ್ದು. ಹಿಂದೆ ಡಿಎಂಪಿ ಎಂಬ ತೈಲ ಕೊಡುತ್ತಿದ್ದರು. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆ ತೈಲವನ್ನು ಉಚಿತವಾಗಿ ಹಂಚುತ್ತದೆ. ಕಾಡಿಗೆ ಹೊರಡುವ ಮೊದಲು ಪಾದ, ಮೊಣಕಾಲವರೆಗೆ, ಕೈ, ಕುತ್ತಿಗೆ, ಕಿವಿಯ ಹಿಂದೆ ಹಚ್ಚಿಕೊಳ್ಳಬೇಕು. ಕಣ್ಣು, ಬಾಯಿ ಮತ್ತು ಗಾಯಗಳಿಗೆ ತಾಗಬಾರದು. ಅದರ ಪರಿಣಾಮ ಕೆಲವು ಗಂಟೆಗಳಷ್ಟೇ. ಬೆವರಿದರೆ ಇನ್ನೂ ಬೇಗ ಇಳಿಯುತ್ತದೆ. ಬೆಳಗ್ಗೆ ಹಚ್ಚಿದ್ದು ಸಂಜೆಯವರೆಗೆ ಸಾಕು ಎಂದು ಕೂರುವಂತಿಲ್ಲ.

ಬಟ್ಟೆಯ ವಿಷಯವೂ ಮುಖ್ಯ. ಮೈತುಂಬ ಬಟ್ಟೆ, ಉದ್ದ ತೋಳು, ಮುಚ್ಚಿದ ಚಪ್ಪಲಿ ಅಥವಾ ಬೂಟು ಇರಬೇಕು. ಪ್ಯಾಂಟು, ಸಲ್ವಾರಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿದರೆ ಉಣ್ಣೆ ಒಳಗೆ ಹತ್ತಲಾರದು. ಸೀರೆ ಉಡುವವರು ಒಳಗೆ ಪೈಜಾಮ, ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು ಹೋಗುವುದನ್ನು ಅಲ್ಲಿ ಕಂಡೆ. ಒಳ್ಳೆಯ ಉಪಾಯ. ತಿಳಿ ಬಣ್ಣದ ಬಟ್ಟೆಯಾದರೆ ಉಣ್ಣೆ ಹರಿದಾಡುವುದು ಕಣ್ಣಿಗೆ ಬೀಳುತ್ತದೆ. ಕೆಲಸದ ನಡುವೆ ದಣಿವಾರಿಸಲು ತರಗೆಲೆಯ ಮೇಲೆ ಕೂರುವುದು, ಮಲಗುವುದು ಖಂಡಿತ ಬೇಡ. ಚಿಕ್ಕ ಮಕ್ಕಳನ್ನು ಜೊತೆಗೆ ಕರೆದೊಯ್ಯಬಾರದು.

ಮರಳಿ ಬಂದ ಮೇಲಿನ ಅರ್ಧ ಗಂಟೆ ಇದಕ್ಕಿಂತಲೂ ಮುಖ್ಯ. ಆ ಮನೆಯಲ್ಲಿ ಒಂದು ನಿಯಮವಿದೆ. ಕಾಡಿನಿಂದ ಬಂದವರು ಅಡುಗೆ ಮನೆಗೆ ಬರುವಂತಿಲ್ಲ, ಮಗುವನ್ನು ಎತ್ತಿಕೊಳ್ಳುವಂತಿಲ್ಲ. ನೇರವಾಗಿ ಹಿತ್ತಿಲ ಬಚ್ಚಲಿಗೆ ಹೋಗಬೇಕು. ಉಟ್ಟ ಬಟ್ಟೆಯನ್ನು ಕಳಚಿ ಬಿಸಿ ನೀರಿನಲ್ಲಿ ನೆನೆಹಾಕಬೇಕು. ಬಿಸಿ ನೀರು, ಸೋಪು ಹಚ್ಚಿ ಮೈಯುಜ್ಜಿ ಸ್ನಾನ ಮಾಡಬೇಕು. ಕಂಕುಳು, ಹೊಕ್ಕುಳು, ಮೊಣಕಾಲಿನ ಹಿಂಭಾಗ, ತೊಡೆಸಂದಿ, ತಲೆಗೂದಲು, ಕಿವಿಯ ಹಿಂದೆ ಕೈಯಾಡಿಸಿ ನೋಡಬೇಕು. ಮಕ್ಕಳನ್ನು ತಾಯಿಯೇ ನೋಡಬೇಕು. ಅವಳ ಅತ್ತೆ ನಗುತ್ತಾ, "ಮೊದಲು ಬಚ್ಚಲು, ಆಮೇಲೆ ಕಾಫಿ. ಈ ಮನೆಯ ಕಾನೂನು" ಎಂದರು.

ದರಗನ್ನು ಮನೆಯ ಗೋಡೆಗೆ ತಾಗಿ ರಾಶಿ ಹಾಕದೆ ದೂರ ಹಾಕುವುದು, ಅಂಗಳದ ಸುತ್ತ ತರಗೆಲೆ ಉಳಿಯದಂತೆ ನೋಡಿಕೊಳ್ಳುವುದು, ದನಗಳ ಮೈ ಉಜ್ಜಿ ಪಶುವೈದ್ಯರು ಹೇಳಿದ ಉಣ್ಣೆ ಔಷಧ ಹಾಕುವುದು, ನಾಯಿಯನ್ನು ಹಾಸಿಗೆಯ ಬಳಿ ಬಿಡದಿರುವುದು, ಇವೆಲ್ಲ ಅದೇ ಸಾಲಿಗೆ ಸೇರಿದ ಕೆಲಸಗಳು.

ಉಣ್ಣೆ ಕಚ್ಚಿಕೊಂಡಿದ್ದರೆ

ಮೈಮೇಲೆ ಉಣ್ಣೆ ಕಚ್ಚಿ ಕೂತದ್ದು ಕಂಡರೆ ಅದಕ್ಕೆ ಬೀಡಿಯ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ಸುಣ್ಣ ಹಚ್ಚುವುದು ನಮ್ಮಲ್ಲಿ ಹಳೆಯ ಕ್ರಮ. ಇದನ್ನು ಮಾಡಬಾರದು. ಕಾಟಕ್ಕೊಳಗಾದ ಉಣ್ಣೆ ತನ್ನ ಹೊಟ್ಟೆಯಲ್ಲಿದ್ದುದನ್ನು ಇನ್ನಷ್ಟು ಗಾಯದೊಳಕ್ಕೆ ಬಿಡುವ ಸಂಭವವಿದೆ. ಉಗುರಿನಲ್ಲಿ ಕುಟುಕಿ ಒಡೆಯುವುದೂ ತಪ್ಪು. ಅದರ ರಕ್ತ ಬೆರಳಿನ ಬಿರುಕಿಗೆ ತಾಗಬಹುದು.

ಸಣ್ಣ ಚಿಮಟವನ್ನು ಚರ್ಮಕ್ಕೆ ಆದಷ್ಟು ಹತ್ತಿರ ಇಟ್ಟು ಉಣ್ಣೆಯ ಬಾಯಿಯ ಭಾಗವನ್ನು ಹಿಡಿಯಬೇಕು. ಹೊಟ್ಟೆಯನ್ನು ಹಿಸುಕಬಾರದು. ತಿರುಚದೆ, ಜಗ್ಗದೆ, ನೇರವಾಗಿ ಮೇಲಕ್ಕೆ ನಿಧಾನವಾಗಿ ಎಳೆಯಬೇಕು. ಚಿಮಟ ಇಲ್ಲದಿದ್ದರೆ ಬೆರಳಿಗೆ ಬಟ್ಟೆ ಅಥವಾ ಪ್ಲಾಸ್ಟಿಕ್ ಸುತ್ತಿಕೊಂಡು ತೆಗೆಯಬಹುದು. ಬಾಯಿಯ ತುಣುಕು ಒಳಗೆ ಉಳಿದರೆ ಕೆದಕಬೇಡಿ, ತಾನಾಗಿ ಹೊರಬರುತ್ತದೆ. ಆ ಜಾಗವನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ತೆಗೆದ ಉಣ್ಣೆಯನ್ನು ಸ್ಪಿರಿಟ್‌ನಲ್ಲಿ ಹಾಕಿ ಅಥವಾ ಅಂಟುಪಟ್ಟಿಯಲ್ಲಿ ಬಿಗಿಯಾಗಿ ಸುತ್ತಿ ಎಸೆಯಿರಿ.

ಬೇಗ ತೆಗೆದಷ್ಟು ಒಳ್ಳೆಯದು. ಆದರೆ ತೆಗೆದ ಮಾತ್ರಕ್ಕೆ ಅಪಾಯ ಕಳೆಯಿತು ಎಂದಲ್ಲ. ಕ್ಯಾಲೆಂಡರಿನಲ್ಲಿ ಆ ದಿನವನ್ನು ಗುರುತು ಮಾಡಿಡಿ. ಮುಂದಿನ ಎರಡು ವಾರ ಜ್ವರ ಬರುತ್ತದೆಯೇ ಎಂದು ಗಮನಿಸಿ. ಎಲ್ಲ ಉಣ್ಣೆಗಳಲ್ಲೂ ವೈರಾಣು ಇರುವುದಿಲ್ಲ. ಕಚ್ಚಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಗಾಬರಿ ಬೇಡ, ನೆನಪಿರಲಿ.

ಜ್ವರ ಬಂದರೆ

ಸೋಂಕಿರುವ ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಥಟ್ಟನೆ ಏರುತ್ತದೆ. ತಲೆ ಸಿಡಿಯುವಂಥ ನೋವು, ಸೊಂಟ, ಕಾಲಿನ ಸ್ನಾಯುಗಳಲ್ಲಿ ತಡೆಯಲಾಗದ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ಎದ್ದು ನಿಲ್ಲಲಾರದ ಸುಸ್ತು ಇದರ ಗುರುತು. ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬರುತ್ತದೆ, ಮಲದಲ್ಲಿ ರಕ್ತ ಹೋಗುತ್ತದೆ. ರಕ್ತದ ಪ್ಲೇಟ್‌ಲೆಟ್, ಬಿಳಿ ರಕ್ತಕಣ ಇಳಿಯುತ್ತವೆ. ಒಂದೆರಡು ವಾರದಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಆದರೆ ನೂರರಲ್ಲಿ 10ರಿಂದ 20 ಮಂದಿಗೆ ಜ್ವರ ಬಿಟ್ಟು ಕೆಲವು ದಿನ ಚೆನ್ನಾಗಿದ್ದು, ಮತ್ತೆ ಮರುಕಳಿಸುತ್ತದೆ. ಈ ಸಲ ಅದು ನರಮಂಡಲಕ್ಕೆ ತಾಗುತ್ತದೆ. ವಿಪರೀತ ತಲೆನೋವು, ಕೈಕಾಲು ನಡುಕ, ಮಾತಿನಲ್ಲಿ ಗೊಂದಲ, ಕಣ್ಣು ಮಂಜಾಗುವುದು ಕಾಣಿಸುತ್ತದೆ. ಜ್ವರ ಬಿಟ್ಟಿತು ಎಂದು ಮರುದಿನವೇ ಕೂಲಿಗೆ ಹೊರಡುವವರು ಇದನ್ನು ತಿಳಿದಿರಬೇಕು. ಕಾಯಿಲೆ ಬಂದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ.

ಈ ವೈರಾಣುವನ್ನು ಕೊಲ್ಲುವ ಔಷಧ ಇಲ್ಲ. ಆದರೆ ಚಿಕಿತ್ಸೆಯೇ ಇಲ್ಲ ಎಂದು ಇದರ ಅರ್ಥವಲ್ಲ. ದೇಹದ ನೀರಿನಂಶ ಕಾಪಾಡುವುದು, ಜ್ವರ, ನೋವು ಇಳಿಸುವುದು, ರಕ್ತಸ್ರಾವವಾದರೆ ರಕ್ತ ಅಥವಾ ಪ್ಲೇಟ್‌ಲೆಟ್ ಕೊಡುವುದು, ಇವನ್ನು ಸಮಯಕ್ಕೆ ಸರಿಯಾಗಿ ಮಾಡಿದರೆ ಜೀವ ಉಳಿಯುತ್ತದೆ. ಜ್ವರ, ಮೈಕೈ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್ ಅಥವಾ ನೋವಿನ ಮಾತ್ರೆಗಳನ್ನು ತಾವೇ ತಂದು ನುಂಗುವುದು ಅಪಾಯ. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಆರಂಭದ ದಿನಗಳಲ್ಲಿ ರಕ್ತದ ಪಿಸಿಆರ್ ಪರೀಕ್ಷೆ, ನಂತರ ಎಲಿಸಾ ಪರೀಕ್ಷೆಯಿಂದ ಕಾಯಿಲೆಯನ್ನು ಖಚಿತಪಡಿಸುತ್ತಾರೆ. ಶಿವಮೊಗ್ಗದಲ್ಲಿ ಇದಕ್ಕೆ ಪ್ರಯೋಗಾಲಯವಿದೆ. ರೋಗಿಯ ಕಡೆಯವರು ವೈದ್ಯರಿಗೆ ಹೇಳಲೇಬೇಕಾದ ಮಾತೊಂದಿದೆ: "ಇವರು ಕಾಡಿಗೆ ಹೋಗಿದ್ದರು, ಅಲ್ಲಿ ಮಂಗ ಸತ್ತಿತ್ತು." ಮಂಗಳೂರಿಗೋ ಬೆಂಗಳೂರಿಗೋ ಹೋದ ಮೇಲೆ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಡೆಂಗಿಯೇ ಮೊದಲು ನೆನಪಾಗುತ್ತದೆ. ಈ ಒಂದು ಮಾತಿನಿಂದ ಎರಡು ಮೂರು ದಿನ ಉಳಿಯುತ್ತದೆ.

ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಪಕ್ಕದಲ್ಲಿ ಕೂರಬಹುದು, ಊಟ ಬಡಿಸಬಹುದು, ಕೈ ಹಿಡಿದು ಧೈರ್ಯ ಹೇಳಬಹುದು. ಹಾಗಿದ್ದೂ ಕಾಯಿಲೆ ಬಂದ ಮನೆಗೆ ಹೋಗಲು ಹೆದರುವವರಿದ್ದಾರೆ. ರೋಗಿಯನ್ನು ಕಂಡು ಬರುವುದು ನಮ್ಮಲ್ಲಿ ಕರ್ತವ್ಯವೆಂದು ಹೇಳಿಕೊಟ್ಟಿದ್ದಾರೆ. ಇಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಲಸಿಕೆಯ ಕಥೆ

ಈ ಕಾಯಿಲೆಗೆ ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದ್ದ ಲಸಿಕೆಯೊಂದಿತ್ತು. 1990ರಿಂದ ಮಲೆನಾಡಿನಲ್ಲಿ ಅದನ್ನು ಹಾಕುತ್ತಿದ್ದರು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದನ್ನು ತಯಾರಿಸುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳ ಮೇಲೆ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ ಐದು ವರ್ಷ ಹಾಕಿಸಿಕೊಳ್ಳಬೇಕಿತ್ತು. ಸೂಜಿ ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಒಂದು ದಿನದ ಕೂಲಿ ತಪ್ಪುತ್ತಿತ್ತು. ಹಾಗಾಗಿ ಮೊದಲ ಸೂಜಿ ಹಾಕಿಸಿಕೊಂಡವರು ಮತ್ತೆ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಅಂಕಿ ಅಂಶಗಳನ್ನು ಪರಿಶೀಲಿಸಿದಾಗ ಎರಡು ಸೂಜಿಯಿಂದ ಸುಮಾರು 62 ಶೇಕಡಾ, ಮೂರನೆಯದೂ ಸೇರಿದರೆ ಸುಮಾರು 83 ಶೇಕಡಾ ರಕ್ಷಣೆ ಸಿಕ್ಕಿದ್ದು ಕಂಡುಬಂತು. ಮುಂದೆ ಅದರ ಶಕ್ತಿ ಕುಂದಿದ್ದು ಪರೀಕ್ಷೆಗಳಲ್ಲಿ ಗೊತ್ತಾಗಿ 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ಕಾಡಂಚಿನ ಮನೆಗಳಿಗೆ ತಲುಪುವವರೆಗೆ ಎಣ್ಣೆ, ಬಟ್ಟೆ, ಬಚ್ಚಲು ಮತ್ತು ಎಚ್ಚರ ಇವೇ ಲಸಿಕೆ.

ಆ ಊರಿನ ಆಶಾ ಕಾರ್ಯಕರ್ತೆಯೊಬ್ಬರು ಎಣ್ಣೆ ಬಾಟಲಿಗಳ ಚೀಲ ಹೊತ್ತು ಮನೆಗೆ ಬಂದಿದ್ದರು. ಪ್ರತಿ ಮನೆಯಲ್ಲೂ ಯಾರಿಗೆ ಜ್ವರ, ಯಾರು ಕಾಡಿಗೆ ಹೋಗುತ್ತಾರೆ ಎಂದು ಬರೆದುಕೊಳ್ಳುತ್ತಿದ್ದರು. "ಬಾಟಲಿ ಕೊಡೋದು ದೊಡ್ಡದಲ್ಲ ಅಕ್ಕಾ, ಹಚ್ಕೊಂಡ್ರಾ ಅಂತ ನಾಳೆ ಮತ್ತೆ ಬಂದು ಕೇಳ್ಬೇಕು. ಕೆಲವರು ವಾಸನೆ ಅಂತಾರೆ, ಕೆಲವರು ಅಂಟು ಅಂತಾರೆ. ಬಾಟಲಿ ಅಟ್ಟದ ಮೇಲೆ ಕೂತಿರ್ತದೆ" ಎಂದರು. ಕಾಡಂಚಿನ ಹಳ್ಳಿಗಳಲ್ಲಿ ಜೀವ ಉಳಿಯುವುದು ಇಂಥವರು ಎರಡನೇ ಸಲ ಬಂದು ಬಾಗಿಲು ತಟ್ಟುವುದರಿಂದ.

ಕಾಡು ಕಡಿದಲ್ಲೆಲ್ಲ

ಮೊದಲ ಕೆಲವು ದಶಕಗಳವರೆಗೆ ಇದು ಶಿವಮೊಗ್ಗ ಮತ್ತು ಉತ್ತರ ಕನ್ನಡದ ಸುತ್ತಮುತ್ತಲಿನ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದರು. 1982ರ ಕೊನೆಯಿಂದ ನಮ್ಮ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆಯ ಕಡೆ ಅದು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಿದ್ದರು. ಸಾವು ನೋವು ಬಹಳವಾಯಿತು. ಕಾಡಿನ ಒಳಗೆ ತಮ್ಮಷ್ಟಕ್ಕೆ ಇದ್ದ ಉಣ್ಣೆ, ಇಲಿ, ಮಂಗಗಳ ನಡುವೆ ಮನುಷ್ಯ ಮತ್ತು ದನ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಅದು ಪಾಠ.

2012ರ ನಂತರ ಕಾಯಿಲೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. ಬಂಡೀಪುರ, ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು, ಮಲಪ್ಪುರಂ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಟ್ಟಿ ಬೆಳೆಯಿತು. ಗೋವಾ, ಸಿಂಧುದುರ್ಗಗಳಲ್ಲಿ ಗೇರು ಬೀಜ ಹೆಕ್ಕುವ ಕಾಲವೂ ಉಣ್ಣೆಯ ಕಾಲವೂ ಒಂದೇ. 2018ರ ಕೊನೆಯಲ್ಲಿ ಸಾಗರ ತಾಲೂಕಿನ, ಜೋಗಕ್ಕೆ ದೂರವಲ್ಲದ ಅರಳಗೋಡಿನಲ್ಲಿ ಶುರುವಾದ ಕಾಯಿಲೆ 2019ರ ಬೇಸಗೆಯವರೆಗೆ ಹಲವರ ಪ್ರಾಣ ತೆಗೆಯಿತು. ಒಂದು ಊರಿನಲ್ಲಿ ಹಲವು ವರ್ಷ ಕಾಯಿಲೆ ಕಾಣದಿದ್ದರೆ ಅದು ಹೋಯಿತು ಎಂದು ತಿಳಿಯುವಂತಿಲ್ಲ.

ಹಾಗಾಗಿ ಸತ್ತ ಮಂಗ ಒಂದು ಎಚ್ಚರಿಕೆಯ ಗಂಟೆ. ಕಂಡವರು ಮುಟ್ಟಬಾರದು, ಹೂಳಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಗ್ರಾಮ ಪಂಚಾಯಿತಿಗೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಬೇಕು. ಪಶುವೈದ್ಯರು ರಕ್ಷಣೆಯ ಉಡುಪು ತೊಟ್ಟು ಪರೀಕ್ಷೆಗೆ ಬೇಕಾದುದನ್ನು ತೆಗೆದು ಶವವನ್ನು ಸುಡಿಸುತ್ತಾರೆ. ಸುತ್ತಲಿನ ನೆಲಕ್ಕೆ ಉಣ್ಣೆ ಸಾಯುವ ಪುಡಿ ಹಾಕಿಸುತ್ತಾರೆ. ಒಬ್ಬರ ಒಂದು ಫೋನ್ ಕರೆ ಇಡೀ ಊರಿಗೆ ಹತ್ತು ದಿನ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ.

ಜಿದ್ದಾದ ಸಂಬಂಧಿ, ಬಕ್ರೀದ್‌ನ ಎಚ್ಚರ

ಕಾಡಿನಿಂದ ದೂರವಿರುವ ನಮ್ಮ ಕುಟುಂಬಗಳಿಗೂ ಸಂಬಂಧಪಟ್ಟ ಎರಡು ವಿಷಯಗಳನ್ನು ಹೇಳಬೇಕು. 1990ರ ದಶಕದಲ್ಲಿ ಸೌದಿ ಅರೇಬಿಯಾದ ಜಿದ್ದಾದಲ್ಲಿ ಒಂದು ಹೊಸ ಜ್ವರ ಪತ್ತೆಯಾಯಿತು. ಅಲ್‌ಖುರ್ಮಾ ಎಂದು ಅದನ್ನು ಕರೆಯುತ್ತಾರೆ. ಕುರಿ, ಒಂಟೆಗಳೊಂದಿಗೆ ಕೆಲಸ ಮಾಡುವವರಲ್ಲಿ, ಮಾಂಸ ಕತ್ತರಿಸುವವರಲ್ಲಿ ಅದು ಕಂಡುಬಂತು. ಪರೀಕ್ಷಿಸಿದಾಗ ಅದರ ವೈರಾಣು ನಮ್ಮ ಕ್ಯಾಸನೂರಿನ ವೈರಾಣುವಿಗೆ ತೀರಾ ಹತ್ತಿರದ ಸಂಬಂಧಿ ಎಂದು ತಿಳಿಯಿತು. ಅಲ್ಲಿಯೂ ಉಣ್ಣೆಯೇ ವಾಹಕ. ಕೊಲ್ಲಿ ನಾಡಿನಲ್ಲಿ ಪಶುಗಳೊಂದಿಗೆ ದುಡಿಯುವ ನಮ್ಮವರು ಇದನ್ನು ತಿಳಿದಿರುವುದು ಒಳ್ಳೆಯದು.

ಎರಡನೆಯದು ಕ್ರಿಮಿಯನ್ ಕಾಂಗೋ ಜ್ವರ. ಭಾರತದಲ್ಲಿ 2011ರಲ್ಲಿ ಗುಜರಾತಿನಲ್ಲಿ ಮೊದಲು ಕಾಣಿಸಿಕೊಂಡಿತು. ಇದನ್ನೂ ಉಣ್ಣೆಯೇ ಹರಡುತ್ತದೆ. ಮಂಗನ ಕಾಯಿಲೆಗಿಂತ ಇದು ಭಿನ್ನ. ಸೋಂಕಿರುವ ಪ್ರಾಣಿಯ ರಕ್ತದಿಂದಲೂ ರೋಗಿಯ ರಕ್ತದಿಂದಲೂ ಇದು ಬರಬಹುದು. ಬಕ್ರೀದ್‌ಗೆ ಪ್ರಾಣಿ ತರುವವರು ಅದರ ಕಿವಿ, ಕೆಚ್ಚಲು, ಬಾಲದ ಬುಡ ನೋಡಿ ಉಣ್ಣೆ ಇಲ್ಲದ್ದನ್ನು ಆರಿಸಬೇಕು. ಉಣ್ಣೆ ಇದ್ದರೆ ಪಶುವೈದ್ಯರ ಸಲಹೆಯಂತೆ ಮೊದಲೇ ಔಷಧ ಹಾಕಿಸಬೇಕು. ಕೊಯ್ಯುವಾಗ, ಚರ್ಮ ಸುಲಿಯುವಾಗ ಕೈಗವಸು ತೊಡಬೇಕು, ಕೈಯಲ್ಲಿ ಗಾಯವಿದ್ದವರು ಬೇರೆಯವರಿಗೆ ಬಿಡಬೇಕು. ಚೆನ್ನಾಗಿ ಬೇಯಿಸಿದ ಮಾಂಸದಿಂದ ಭಯವಿಲ್ಲ.

ಹೋಗುವವರಿಗೆ ಒಂದು ಮಾತು

ಇದನ್ನೆಲ್ಲ ಓದಿ ಮಲೆನಾಡಿಗೆ ಹೋಗುವುದನ್ನೇ ಬಿಡಬೇಕಿಲ್ಲ. ಜೋಗದ ರಸ್ತೆ, ಪೇಟೆ, ಮನೆಯೊಳಗೆ ಉಣ್ಣೆಯ ಭಯ ಕಡಿಮೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿನ ದಾರಿಯಲ್ಲಿ ನಡೆಯುವವರು, ಹೋಂಸ್ಟೇಗಳಲ್ಲಿ ತಂಗಿ ತೋಟ ಸುತ್ತುವವರು, ತರಗೆಲೆಯ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚುವವರು ಎಚ್ಚರ ವಹಿಸಬೇಕು. ಈ ಭಾಗದಲ್ಲಿ ಕಾಯಿಲೆ ಇದೆಯೇ, ಮಂಗ ಸತ್ತಿದೆಯೇ ಎಂದು ಊರಿನವರನ್ನು ಕೇಳುವುದಕ್ಕೆ ಸಂಕೋಚ ಬೇಡ. ಸಂಜೆ ಕೋಣೆಗೆ ಮರಳಿದ ಮೇಲೆ ಮಕ್ಕಳ ಮೈ ನೋಡಿ ಸ್ನಾನ ಮಾಡಿಸಿ.

ನಾವು ಎರಡು ದಿನ ಇದ್ದು ಇಳಿದು ಬರುತ್ತೇವೆ. ಅಲ್ಲಿನ ಹೆಂಗಸರು ಮರುದಿನ ಬೆಳಗ್ಗೆ ಮತ್ತೆ ಬುಟ್ಟಿ ಹಿಡಿದು ಕಾಡಿಗೆ ಹೊರಡುತ್ತಾರೆ. ತೋಟವಿರುವವರು ಅವರನ್ನು ಕೂಲಿಗೆ ಕರೆಯುವಾಗ ಎಣ್ಣೆಯ ಬಾಟಲಿ, ಕೈಗವಸು, ಒಂದು ಜೊತೆ ಬೂಟು, ಸಂಜೆಗೆ ಒಂದು ಹಂಡೆ ಬಿಸಿ ನೀರು ಒದಗಿಸುವುದು ದೊಡ್ಡ ಖರ್ಚಲ್ಲ. ನಮ್ಮ ಮನೆಗೆ ಬರುವ ಪ್ರತಿಯೊಂದು ಅಡಿಕೆಯ ಹಿಂದೆಯೂ ಯಾರೋ ಬಗ್ಗಿ ಬಾಚಿದ ಒಂದು ಬುಟ್ಟಿ ದರಗು ಇದೆ.